ಖಾರ ಬಿಟ್ಟವರು

ಹರಿಹರದ ಬಸ್ ನಿಲ್ದಾಣದಲ್ಲಿ, ಬಸ್ಸಿಗೆ ಕಾಯುತ್ತಿದ್ದ ಅಪರಿಚಿತ ದ್ರಾಕ್ಷಾಯಣಮ್ಮನವರ ಪಕ್ಕ ಕುಳಿತಿದ್ದ ಹಿದಾಯತ್ ಸಾಹೇಬರು, ಗೆಳೆಯ ಕೆಂಚವೀರಪ್ಪನವರ ಮುಂದೆ ಮಂಡಕ್ಕಿಯ ಪೊಟ್ಟಣ ಬಿಚ್ಚಿದರು.

“ಮಿರ್ಚಿ ತಗೊಳ್ರಿ, ಗೌಡ್ರೆ.”

“ಖಾರ ಬಿಟ್ಟೀನಿ, ಸಾಬ್ರೆ. ಸರಳವಾಗಿ ಬದುಕಬೇಕು ನೋಡ್ರಿ.”

“ರೊಟ್ಟಿ?”

“ಅದೂ ಬಿಟ್ಟೆ. ಗಂಜಿ ಅಷ್ಟೆ, ಸಣ್ಣ ಸಣ್ಣ ಗುಟುಕು. ಮಾತೂ ಕಡಿಮಿ.”

ಎಂಥ ಸಂಯಮವೆಂದು ದ್ರಾಕ್ಷಾಯಣಮ್ಮನವರು ಮನಸ್ಸಿನಲ್ಲೇ ಕೈಮುಗಿದರು.

“ಮಠಕ್ಕೆ ಸ್ವಾಮಿಗಳು ಸಿಕ್ರು ಬಿಡ್ರಿ!” ಸಾಹೇಬರು ನಕ್ಕರು. “ಗುಟ್ಕಾ?”

“ಅದೊಂದು ಬಿಡಕ್ಕಾಗಿಲ್ಲ.”

ಸಾಹೇಬರ ನಗು ಅಲ್ಲೇ ನಿಂತಿತು.

“ಖಾರ ಬ್ಯಾಡಂತ ಬಿಟ್ರೋ, ಬಾಯಿ ಉರೀತೈತಂತ ಬಿಟ್ರೋ?”

“ಉರೀತೈತೆ, ಸ್ವಲ್ಪ.”

“ಬಾಯಿ ಅಗಲ ತೆಗೀರಿ.”

ಬಾಯಿ ಎರಡು ಬೆರಳು ಹಿಡಿಸುವಷ್ಟೂ ತೆರೆಯಲಿಲ್ಲ.

“ಭಾನುವಳ್ಳಿ ನಮ್ಮ ಬಾವನ ಬಾಯಿ ಕ್ಯಾನ್ಸರೂ ಹಿಂಗೇ ಶುರುವಾಗಿದ್ದು. ನಡೀರಿ, ದಾವಣಗೆರೆ ದೊಡ್ಡಾಸ್ಪತ್ರೆಗೆ.”

“ಈಗ ಹೆಂಗದಾರೆ ಅವರು?”

ಸಾಹೇಬರು ಗೆಳೆಯನ ರಟ್ಟೆ ಹಿಡಿದು ಬಸ್ಸು ಹತ್ತಿಸಿದರು.