ಸೇತುವೆಯ ಆಚೆಯ ಇಲಿ

...ನಗಬೇಡ ಅಕ್ಕ. ಇದರಲ್ಲಿ ನಗೋದೇನಿದೆ? ಐದನೇ ಇಲಿ! ಎರಡು ವಾರದಲ್ಲಿ ಐದು! ಮೊದಲು ಆ ಬೋನು ಕೆಳಗಿಡು, ನಾನಿನ್ನೂ ಬ್ರೆಡ್ಡು ತಿಂದು ಮುಗಿಸಿಲ್ಲ. ನೋಡು, ಹೇಗೆ ನೋಡ್ತಿದೆ ನೋಡು. ಮೀಸೆ ಬೇರೆ ಕುಣಿಸುತ್ತೆ. ಬಾಡಿಗೆ ಕೊಟ್ಟವನ ಥರ ಕೂತಿದೆ, ನನ್ನ ಮನೇಲಿ!

...ಸರಿ ಸರಿ. ನಮ್ಮ ಮನೇಲಿ.

ಅಂಗಡಿಯವನು ಅವತ್ತೇ ಪಾಷಾಣ ಕೊಡ್ತೀನಿ ಅಂದ. ಒಂದು ಪೊಟ್ಟಣ, ಮುಗೀತು ಕಥೆ. ಅದು ಬೇಡವಾ, ಅಂಟಿನ ಹಲಗೆ ಇದೆ ಅಂದ. ನೀನು ಒಪ್ಪಿದ್ಯಾ? 'ಮೂವತ್ತನಾಲ್ಕು ವರ್ಷ ವಾರ್ಡಿನಲ್ಲಿ ಜೀವ ಹೋಗೋದನ್ನ ನೋಡಿದ್ದೀನಿ, ಇನ್ನು ಮನೇಲೂ ನೋಡಲಾರೆ' ಅಂದುಬಿಟ್ಟೆ. ನರ್ಸಮ್ಮ ಹಾಗಂದ ಮೇಲೆ ತರ್ಕಶಾಸ್ತ್ರದ ಮೇಷ್ಟ್ರು ಏನು ವಾದ ಮಾಡ್ತಾನೆ?

ಆಮೇಲೆ ಶುರುವಾಯ್ತಲ್ಲ ನಮ್ಮ ದಯೆ ದಾಕ್ಷಿಣ್ಯ! ಪುದೀನಾ ಎಣ್ಣೆ ತಂದೆ. ಹತ್ತಿ ಅದ್ದಿ ಮೂಲೆ ಮೂಲೆಗೂ ಇಟ್ಟೆ. ಮನೆಯೆಲ್ಲ ಟೂತ್‌ಪೇಸ್ಟಿನ ವಾಸನೆ, ಇಲಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಗೋಡೆಗೆ ಸಿಕ್ಕಿಸೋ ಆ ಪೆಟ್ಟಿಗೆ. ನಮಗೆ ಕೇಳದ ಸದ್ದು ಮಾಡಿ ಇಲಿ ಓಡಿಸುತ್ತಂತೆ. ಓಡಿಸ್ತು! ಮೂರನೇ ದಿನ ನೋಡಿದ್ರೆ ಅದರ ಮೇಲೇ ಮಲಗಿತ್ತು, ಬೆಚ್ಚಗಿದೆ ಅಂತ.

ಆಮೇಲೆ ತೂತು ಮುಚ್ಚೋ ಕೆಲಸ. ಪೆನ್ಸಿಲು ತೂರೋ ಕಡೆ ಇಲಿ ತೂರುತ್ತೆ ಅಂತ ಎಲ್ಲಿ ಓದಿದ್ಯೋ ಏನೋ. ಅರವತ್ತಾರು ವರ್ಷದವನು ಕೈಯಲ್ಲಿ ಪೆನ್ಸಿಲು ಹಿಡ್ಕೊಂಡು ನೆಲದ ಮೇಲೆ ಅಂಬೆಗಾಲು! ಸಿಂಕಿನ ಕೆಳಗೆ, ಗ್ಯಾಸಿನ ಪೈಪಿನ ಪಕ್ಕ, ಬಾಗಿಲ ಸಂದಿ... ಪಾತ್ರೆ ಉಜ್ಜೋ ಸ್ಟೀಲಿನ ನಾರು ತುರುಕಿ ತುರುಕಿ ಬೆರಳೆಲ್ಲ ಗೀರು. ಹದಿನೇಳು ತೂತು! ನಡುನಡುವೆ ಕೂತು ಸುಧಾರಿಸ್ಕೊಂಡೆ, ಹೌದು... ಧೂಳು, ಅದಕ್ಕೆ. ಬಚ್ಚಲ ಜಾಲರಿ ಒಂದು ಬಾಕಿ. ಅದಕ್ಕೆ ಪ್ಲಂಬರ್ ಬರಬೇಕು. ಅವನು 'ಈಗ ಬಂದೆ ಸಾರ್' ಅಂದು ಮೂರು ವಾರ ಆಯ್ತು. ಬೆಟ್ಟ ಅಗೆದು ಇಲಿ ಹಿಡಿದ ಅಂತಾರೆ. ನಾನು ಬೆಟ್ಟ ಮುಚ್ಚಿ ಮುಚ್ಚಿ ಹಿಡೀತಾ ಇದ್ದೀನಿ.

ಕೊನೆಗೆ ಈ ಬೋನು. ಎರಡು ಕಡಲೆಕಾಯಿ ಬೀಜ, ಬಾಗಿಲು ಟಪ್! ಗಾಯ ಇಲ್ಲ, ನೋವಿಲ್ಲ. ಬೆಳಗಾದ್ರೆ ಮೇಲೊಂದು ಬಟ್ಟೆ ಹೊದಿಸಬೇಕು. ಅದಕ್ಕೆ ಭಯ ಆಗಬಾರದಂತೆ! ಇಲಿಗೆ! ಹೊದಿಸಿಕೊಂಡು ಮೆರವಣಿಗೆ ಹೊರಡೋದು ಯಾರು? ನಾನು. ಎಲ್ಲಿಗೆ? ಸೇತುವೆ ಆಚೆ ಬೀಳು ಜಾಗಕ್ಕೆ. ಎರಡು ಕಿಲೋಮೀಟರ್! ಹತ್ತಿರ ಬಿಟ್ರೆ ವಾಪಸ್ ಬರುತ್ತೆ ಅಂತ ನಿನ್ನದೇ ಕಟ್ಟಪ್ಪಣೆ.

ಅದಿರಲಿ, ನಡೆಯೋದಕ್ಕೆ ನನಗೇನೂ ಬೇಸರ ಇಲ್ಲ. ಡಾಕ್ಟರೂ ಅದನ್ನೇ ಹೇಳಿದ್ದಲ್ವಾ? 'ಮೇಷ್ಟ್ರೇ, ದಿನಾ ಸೇತುವೆ ತನಕ ನಿಲ್ಲದೆ ನಡೀರಿ. ಎದೆ ಹಿಡೀದಿದ್ರೆ ಮಾತ್ರೇಲೇ ಸಾಗಿಸೋಣ. ಹಿಡಿದ್ರೆ ಮಾತ್ರ ಆಪರೇಷನ್.' ನಾಳೆ ಹೋಗ್ತೀವಲ್ಲ, ನೀನೇ ಹೇಳು. ಎರಡು ತಿಂಗಳಲ್ಲಿ ಒಂದು ದಿನ ತಪ್ಪಿಸಿಲ್ಲ, ಹೋಗಿ ಬರೋಕೆ ಎಪ್ಪತ್ತು ನಿಮಿಷ, ನನ್ನ ತಮ್ಮ ಕುದುರೆ ಥರ ಇದ್ದಾನೆ ಅನ್ನು. ನೀನು ಹೇಳಿದ್ರೆ ಅವರು ನಂಬ್ತಾರೆ.

ಹೇಳ್ತೀಯಲ್ಲ?

...ಅಕ್ಕಾ?

ಬೋನು ಯಾಕೆ ತಿರುಗಿಸ್ತಿದ್ದೀಯ? ಕಿಟಕಿ ಬೆಳಕಿಗೆ ಹಿಡಿದು ನೋಡೋಕೆ ಅದೇನು ಎಕ್ಸ್‌ರೇನಾ? ಇಲಿ ಅಂದ್ರೆ ಇಲಿ. ಬೂದು ಮೈ, ಎರಡು ಕಿವಿ, ಒಂದು ಬಾಲ...

ಬಾಲಕ್ಕೇನಾಯ್ತು? ನೇರಳೆ ಬಣ್ಣ!

ಇಂಕಿಗೆ ಅದ್ದಿಕೊಂಡಿರಬೇಕು. ನನ್ನ ಮೇಜು ಹತ್ತಿದೆ, ನೋಡು, ಎಂಥ ಧೈರ್ಯ... ಏನು, ತಲೆ ಅಲ್ಲಾಡಿಸ್ತೀಯ? ಹೌದು, ನಾನು ಬರೆಯೋದು ಕಪ್ಪು ಇಂಕಿನಲ್ಲಿ. ಹಾಗಾದ್ರೆ ಇದು... ಕಪಾಟಿನಿಂದ ಏನು ತೆಗೀತಿದ್ದೀಯ?

ಬಾಯಿ ಹುಣ್ಣಿಗೆ ಹಚ್ಚೋ ನೇರಳೆ ಔಷಧಿ. ಹತ್ತಿ ಕಡ್ಡಿ.

...ಓಹೋ! ನಿನ್ನೆ ಬೆಳಿಗ್ಗೆ 'ಕೊಡು, ಬಟ್ಟೆ ನಾನೇ ಹೊದಿಸ್ತೀನಿ' ಅಂದಿದ್ದು ಇದಕ್ಕಾ? ಗುರುತು ಹಾಕಿ ಕಳಿಸಿದ್ಯಾ? ಅಂದ್ರೆ ಇದು ನಿನ್ನೆ ಬಿಟ್ಟ ಇಲೀನೇ. ಐದಲ್ಲ. ಒಂದೇ ಇಲಿ ಐದು ಸಲ...

ಸರಿ, ವಾಪಸ್ ಬಂದಿದೆ. ಬರಬಾರದಾ? ಪ್ರಾಣಿಗಳಿಗೆ ದಿಕ್ಕು ಗೊತ್ತಿರುತ್ತೆ. ಸೇತುವೆ ದಾಟಿ, ಹೆದ್ದಾರಿ ದಾಟಿ, ಎರಡು ಕಿಲೋಮೀಟರ್ ನಡೆದು, ಮೂರು ಮಹಡಿ ಹತ್ತಿ, ಊಟದ ಹೊತ್ತಿಗೆ ಸರಿಯಾಗಿ... ಹಾಗೆ ನೋಡಬೇಡ. ಅಸಾಧ್ಯ ಅಲ್ಲ. ಸಂಭವ ಕಡಿಮೆ, ಅಷ್ಟೆ.

ನಾನು ಸುಳ್ಳು ಹೇಳ್ತಿದ್ದೀನಿ ಅಂತಾನಾ? ...ಇಲ್ಲ, ನೀನೇನೂ ಅಂದಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ನಾನೇ ಹೆಗಲು ಮುಟ್ಟಿ ನೋಡ್ಕೊಂಡೆ. ಅನ್ನು ಅಕ್ಕ, ಏನಾದ್ರೂ ಅನ್ನು! ಬೈಯಿ!

ನಿನ್ನೆ ಒಂದಿನ. ಬಿಸಿಲು ಜಾಸ್ತಿ ಇತ್ತು, ಸ್ವಲ್ಪ ಈಚೆಗೇ ಬಿಟ್ಟೆ. ಸೇತುವೆ ಕಾಣೋ ಕಡೆ.

...ಪಾರ್ಕಿನ ಹತ್ತಿರ.

...ಪಾರ್ಕಿಗಿಂತ ಈಚೆ.

ಕಟಿಂಗ್ ಶಾಪಿನ ಹಿಂದಿನ ಖಾಲಿ ಜಾಗ! ಮೂರನೇ ದೀಪದ ಕಂಬ! ತೃಪ್ತಿಯಾಯ್ತಾ? ಅಲ್ಲೊಂದು ಬೆಂಚಿದೆ. ಶಾಪಿನವನು ಒಳ್ಳೆಯವನು, ಪೇಪರ್ ಕೊಡ್ತಾನೆ, ಏನೂ ಕೇಳಲ್ಲ. ಎಪ್ಪತ್ತು ನಿಮಿಷ ಆಗೋ ತನಕ ಓದ್ತೀನಿ. ವರ ಬೇಕಾಗಿದ್ದಾರೆ, ಮನೆ ಮಾರಾಟಕ್ಕಿದೆ, ಎಲ್ಲ.

ಸೋಮಾರಿತನ, ಇನ್ನೇನು? ಅಷ್ಟು ದೂರ ಹೋಗ್ತೀನಿ, ಬೇಜಾರು ಬರುತ್ತೆ, ಕೂತ್ಕೋತೀನಿ.

ಎಲ್ಲಿ ಬರುತ್ತೆ ಅಂದ್ರೆ? ನೀನು ಕೇಳಲಿಲ್ವಾ? ಕಣ್ಣಲ್ಲೇ ಕೇಳಿದೆ.

...ಇಲ್ಲಿ. ಹೀಗೆ, ಎಡಗೈ ತನಕ.

ಎರಡು ತಿಂಗಳಿಂದ ಅಲ್ಲ! ಮೂರು ವಾರ. ಅದಕ್ಕೆ ಮುಂಚೆ ಸೇತುವೆ ತನಕ ಹೋಗ್ತಿದ್ದೆ, ನಿಜವಾಗ್ಲೂ. ಮೆಟ್ಟಿಲ ಹತ್ರ ಚಪ್ಪಲಿ ಬಿಚ್ಚೋ ನೆಪದಲ್ಲಿ ನಿಲ್ತೀನಲ್ಲ... ಅಲ್ಲಿಂದಾನಾ ನಿನಗೆ ಅನುಮಾನ? ನರ್ಸಿನ ಕಣ್ಣು, ಥೂ.

ಹೇಳಿದ್ರೆ ಏನಾಗುತ್ತೆ ಅಂತ ನನಗೆ ಗೊತ್ತಿಲ್ವಾ? ಭಾವನೂ ನಗ್ತಾನೇ ಆಪರೇಷನ್‌ಗೆ ಒಳಗೆ ಹೋದ್ರು, ವಾಪಸ್ ಬರಲಿಲ್ಲ. ಆ ಬಾಗಿಲ ಮುಂದೆ ನೀನು ಆರು ಗಂಟೆ ನಿಂತಿದ್ದೆ. ಕೂತ್ಕೋ ಅಂದ್ರೂ ಕೂರಲಿಲ್ಲ. ಅವತ್ತು ಪಕ್ಕದಲ್ಲಿ ನಾನಿದ್ದೆ. ಈ ಸಲ ನಿನ್ನ ಪಕ್ಕ ಯಾರಿರ್ತಾರೆ? ಈ ಇಲೀನಾ?

...ಅಳ್ತಿದ್ದೀಯಾ? ಇಲ್ಲ. ಮತ್ತೆ ಕೈ ಯಾಕೆ ಹಿಡ್ಕೊಂಡೆ? ಬಿಡು. ಬಿಡು ಅಂದೆ. ಗಡಿಯಾರ ಯಾಕೆ...

ಓ. ನಾಡಿ.

ಮಾತಾಡಬಾರದಾ? ಸರಿ.

...

ಅಕ್ಕ, ಒಂದು ನಿಮಿಷ ಆಯ್ತು. ಇಷ್ಟು ಹೊತ್ತು ಎಣಿಸ್ತಾರಾ? ಸಂಖ್ಯೆ ಎಷ್ಟು, ಅದನ್ನಾದ್ರೂ ಹೇಳು. ...ಹೇಳಲ್ಲ. ಬಿಡೋದೂ ಇಲ್ಲ.

ಆಯ್ತು. ಡಾಕ್ಟರಿಗೆ ನಾನೇ ಹೇಳ್ತೀನಿ. ಮೂರನೇ ಕಂಬ ಅಂತ. ನಾಳೆ ಯಾಕೆ... ಏನು, ಇವತ್ತೇನಾ? ಈಗಲೇ? ಫೋನು ಯಾರಿಗೆ? ಟ್ಯಾಕ್ಸಿಗಾ?

...ಇದನ್ನೂ ಕರ್ಕೊಂಡು ಹೋಗೋಣ. ದಾರೀಲಿ ಸೇತುವೆ ಸಿಗುತ್ತಲ್ಲ. ಆ ಬಟ್ಟೆ ಕೊಡಕ್ಕ, ಬೋನಿಗೆ ಹೊದಿಸ್ತೀನಿ. ನಡುಗ್ತಾ ಇದೆ ನೋಡು. ಭಯ ಆಗಿರಬೇಕು.