ಮೊದಲು ಬಾಯಿ ಬಿಟ್ಟವರು

...ಇಲ್ಲ ಕಣೇ, ಬೇಡ ಅಂತ ಎಲ್ಲಿ ಹೇಳ್ದೆ? ಯೋಚನೆ ಮಾಡ್ತಿದೀನಿ ಅಂದೆ. ಬೆಳಿಗ್ಗೆ ಬೆಳಿಗ್ಗೆ ಅಷ್ಟು ದೊಡ್ಡ ಮಾತು ಹೇಳಿ... ಆ ಕೆಲಸಕ್ಕೆ ಸೇರ್ಕೋ, ಇಲ್ಲಾಂದ್ರೆ ನಾನೂ ಮಗಳೂ ಅಕ್ಕನ ಮನೆಗೆ ಹೋಗ್ತೀವಿ ಅಂತ ಹೇಳಿ, ಹೀಗೆ ಸುಮ್ನೆ ಕೂತ್ಬಿಟ್ರೆ ಹೇಗೆ?

ಕೆಲಸ ಒಳ್ಳೇದೇ. ಹೂಡಿಕೆದಾರರ ಸಂಪರ್ಕ ವಿಭಾಗದ ಮುಖ್ಯಸ್ಥ! ಷೇರು ಕೊಂಡವರು ಫೋನ್ ಮಾಡಿ 'ಯಾಕಪ್ಪಾ ಬೆಲೆ ಬಿತ್ತು' ಅಂತಾರೆ. ನಾನು 'ಸ್ವಲ್ಪ ತಾಳ್ಮೆಯಿಂದಿರಿ, ಮುಂದೆ ಎಲ್ಲಾ ಸರಿಹೋಗುತ್ತೆ' ಅನ್ಬೇಕು. ಮದುವೆ ಆದಾಗಿಂದ ನಿನಗೆ ಹೇಳ್ತಿರೋದೂ ಅದೇ ಅಲ್ವಾ, ಅನುಭವ ಇದೆ. ...ಯಾಕೆ ನಗ್ತೀಯ? ನಗ್ಲಿಲ್ವಾ? ತುಟಿ ಅಲ್ಲಾಡ್ತು ಅಂದ್ಕೊಂಡೆ.

ಈಗಿನ ಕೆಲಸ... ಕಂಪನಿ ಕೊಳ್ಳೋರನ್ನೂ ಮಾರೋರನ್ನೂ ಒಂದೇ ಕೋಣೇಲಿ ಕೂರಿಸಿ, ಇಬ್ರೂ 'ನಾನೇ ಗೆದ್ದೆ' ಅಂದ್ಕೊಂಡು ಎದ್ದು ಹೋಗೋ ಹಾಗೆ ಮಾಡೋದು. ನಿಮ್ಮಪ್ಪ ಆಸ್ಪತ್ರೇಲಿದ್ದಾಗ ನಾನು ಆ ಡೀಲ್ ಕೋಣೇಲೇ ಇದ್ದೆ. ಗೊತ್ತು. ಆದ್ರೆ ಹೊರಗೆ ಬಂದು ಫೋನ್ ಮಾಡ್ದೆನಲ್ಲ! ...ಸರಿ. ಮೆಸೇಜು.

ಹೊಸ ಕೆಲಸ ಆದ್ರೆ ಆರು ಗಂಟೆಗೆ ಮನೆ. ಮಗಳ ಜೊತೆ ಊಟ. ಹೋದ ವರ್ಷ ನನ್ನನ್ನ 'ನೀನು' ಅಂತಿದ್ಲು. ಈಗ 'ನೀವು ಯಾವಾಗ ಹೊರಡ್ತೀರಾ' ಅಂತಾಳೆ. ಒಳ್ಳೇ ಮರ್ಯಾದೆ ಕಲಿಸಿದೀಯ. ನೆಂಟರ ಹತ್ರ ಹಾಗೇ ಮಾತಾಡ್ಬೇಕು.

ಏನಾದ್ರೂ ಹೇಳೇ. ಬೈ. ಆ ಕಾಫಿ ಕಪ್ಪನ್ನ ತಿರುಗಿಸೋದು ಬಿಟ್ಟು, ಬೇಕಾದ್ರೆ ನನ್ನ ಮೇಲೆ ಎಸೆದ್ಬಿಡು.

...ಓ. ಗೊತ್ತಾಯ್ತು. ಇದು ಆ ಸೋಫಾ ಅಂಗಡಿ ಆಟ! ಅಲ್ವಾ? ಹೊಸದಾಗಿ ಮನೆ ಮಾಡಿದಾಗ ನಾನೇ ಹೇಳ್ಕೊಟ್ಟಿದ್ದು. ಬೆಲೆ ಒಂದು ಸಲ ಹೇಳು, ಆಮೇಲೆ ಬಾಯಿ ಮುಚ್ಕೊಂಡಿರು, ಮೊದಲು ಬಾಯಿ ಬಿಟ್ಟವರು ಸೋತ್ರು. ಅಂಗಡಿಯವನು ಬೆವೆತು ಬೆವೆತು ಅರ್ಧಕ್ಕೇ ಕೊಟ್ಬಿಟ್ಟ. ನೀನು ಹೊರಗೆ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡ್ಕೊಂಡು ನಕ್ಕೆ. ಆ ನಗು...

ನನ್ನ ವಿದ್ಯೆ ನನ್ನ ಮೇಲೇ ತಿರುಗಿಸ್ಬೇಡ ಕಣೇ. ಎಂತೆಂಥ ಯಜಮಾನರ ಎದುರು ತುಟಿ ಬಿಚ್ಚದೆ ಕೂತವನು ನಾನು. ಬೇಕಾದ್ರೆ ನೋಡು. ಸುಮ್ನಿರ್ತೀನಿ.

...

...ಹಾಗೆ ನೋಡ್ಬೇಡ.

ಆ ಕೆಲಸ ಬೇಡ ಅಂದ್ಬಿಟ್ಟೆ ಅವರಿಗೆ. ಮಂಗಳವಾರಾನೇ. ಯೋಚನೆ ಗೀಚನೆ ಏನೂ ಇಲ್ಲ, ಅವರು ಬೇರೆಯವರನ್ನ ತಗೊಂಡಾಯ್ತು. ಹೊಸ ಡೀಲ್ ಬಂತು ಅಂತ ಅಲ್ಲ... ಆರು ಗಂಟೆಗೆ ನಾನು ಬಾಗಿಲು ತಟ್ಟಿದ್ರೆ, ನೀವಿಬ್ರೂ ತಲೆಯೆತ್ತಿ 'ಯಾಕೆ ಬಂದ್ರು ಇವರು' ಅಂತ ನೋಡಿದ್ರೆ... ಭಯ ಆಯ್ತು. ಇಡೀ ಸಂಜೆ ಏನು ಮಾಡ್ಲಿ ನಿಮ್ಮ ಮನೇಲಿ ನಾನು?

ಮೊದಲೇ ಗೊತ್ತಿತ್ತಾ ನಿನಗೆ?

...ಅಕ್ಕನ ಮನೆಗೆ ಅಂತ ಮಗಳು ಶೂ ಹಾಕ್ಕೊಂಡಾಯ್ತಲ್ಲ ಆಗಲೇ.

ನೋಡು, ಸೋತೆ. ನಾನೇ ಮೊದಲು ಬಾಯಿ ಬಿಟ್ಟೆ. ಸೋತವನ ಹತ್ರ ಗೆದ್ದವರು ಮಾತಾಡ್ಬೇಕು, ಅದೂ ನಿಯಮಾನೇ... ಇಲ್ಲ, ಅಂಥ ನಿಯಮ ಏನಿಲ್ಲ. ಈಗ ನಾನೇ ಮಾಡ್ದೆ.

ಗೆದ್ದೆ ಕಣೇ ನೀನು. ಒಂದ್ಸಲ ನಗು.