ನಾವು ಬೆನ್ನು ತಿರುಗಿಸಿದ ಒಂದು ನಿಮಿಷ

ಮುಂದಿನ ಸಾಲಿನಲ್ಲಿ ಕೂತಿರುವ ಮೇಡಂ ಅವರಿಗೆ, ಅವರ ಮಗಳಿಗೆ, ಕ್ಲಬ್ಬಿನ ಕಾರ್ಯದರ್ಶಿಗಳಿಗೆ, ನಮ್ಮ ಹುಡುಗರಿಗೆ — ಮತ್ತೆ, ಪೂರ್ವದ ಸ್ಟ್ಯಾಂಡಿನಿಂದ ಇಡಿಯಾಗಿ ಎದ್ದು ಬಂದಿರುವ ಅಭಿಮಾನಿ ಮಹನೀಯರಿಗೆ — ನಮಸ್ಕಾರ.

ಇಷ್ಟು ಜನ ಬರುತ್ತೀರಿ ಅಂದುಕೊಂಡಿರಲಿಲ್ಲ. ಮುನ್ನೂರು ಕುರ್ಚಿ ಹಾಕಿಸಿದ್ದೆ. ಎಲ್ಲ ತುಂಬಿ, ಗೋಡೆಗೆ ಒರಗಿ ನಿಂತವರೇ ಅರವತ್ತು ಜನ ಇದ್ದೀರಿ. ಎಣಿಸಿದೆ. ಎಣಿಸೋದು ನನ್ನ ಚಟ. ಈ ಹಾಕಿ ಕ್ಲಬ್ಬಿನ ಗೇಟಿನಲ್ಲಿ ಸೈಕಲ್ ಕಾಯುತ್ತಿದ್ದವನು ನಾನು, ಸ್ಟೋರ್ ಕೀಪರ್ ಆಗಿ ಮೂವತ್ತೊಂದು ವರ್ಷ ಆಯಿತು. ಸ್ಟಿಕ್ಕು, ಚೆಂಡು, ಪ್ಯಾಡು, ಬೂಟು — ಎಣಿಸಿ ಕೊಟ್ಟು, ಎಣಿಸಿ ವಾಪಸ್ ತಗೊಂಡು ಬದುಕಿದವನು. ಭಾಷಣ ಮಾಡಿದವನಲ್ಲ. ಮೇಡಂ ಹೇಳಿದರು ಅಂತ ನಿಂತಿದ್ದೇನೆ.

ಮೇಡಂ ನಿನ್ನೆ ಸ್ಟೋರಿಗೆ ಬಂದಿದ್ದರು. ಅವರ ಯಜಮಾನರ, ಅಂದರೆ ನಮ್ಮ ಜನರಲ್ ಮ್ಯಾನೇಜರ್ ಸಾಹೇಬರ, ಟೇಬಲ್ಲು ಖಾಲಿ ಮಾಡುವುದಿತ್ತು. ಭಾನುವಾರ ಬೆಳಿಗ್ಗೆ, ಪ್ರಾಕ್ಟೀಸಿಗೆ ಹೊರಟು, ಶೂ ಲೇಸು ಕಟ್ಟಿಕೊಳ್ಳುತ್ತಾ ಕೂತವರು ಹಾಗೇ ವಾಲಿಕೊಂಡರಂತೆ, ಮತ್ತೆ ಏಳಲಿಲ್ಲವಂತೆ. ಒಂದು ಕಾಲಿನ ಲೇಸು ಕಟ್ಟಿ ಆಗಿತ್ತು ಅಂತ ಮೇಡಂ ಎರಡು ಸಲ ಹೇಳಿದರು.

ಆಮೇಲೆ ನನ್ನನ್ನು ಒಂದು ಮಾತು ಕೇಳಿದರು — "ಸ್ಟೋರಿನವರೇ, ಆ ಗೋಲು ಹೇಗಿತ್ತು? ಅವತ್ತು ಮನೆಗೆ ಬಂದಾಗ ಕೇಳಿದೆ. ಇವರು ಬರೀ 'ಆರು ಸೆಕೆಂಡು' ಅಂದರು. ಅಂದು ಊಟಕ್ಕೆ ಕೂತರು."

ನಾನು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ನಾಳೆ ಸಭೆಯಲ್ಲಿ ಹೇಳುತ್ತೇನೆ ಮೇಡಂ, ಅಂದೆ. ಯಾಕೆಂದರೆ ಆ ಗೋಲು ನೋಡದವರು ನೀವೊಬ್ಬರೇ ಅಲ್ಲ. ಅವತ್ತು ಮೈದಾನದಲ್ಲೇ ಇದ್ದು ನೋಡದವರು ಆರುನೂರು ಜನ ಇದ್ದಾರೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಇಲ್ಲಿ ಕೂತಿದ್ದಾರೆ — ಹೂಗುಚ್ಛ ಹಿಡಿದುಕೊಂಡು.

ಮೊದಲಿಂದ ಹೇಳುತ್ತೇನೆ.

ಹನ್ನೊಂದು ತಿಂಗಳ ಹಿಂದೆ ಇದೇ ಹಾಲಿನಲ್ಲಿ, ಇದೇ ಮೈಕಿನ ಮುಂದೆ, ಹೊಸ ಮ್ಯಾನೇಜರನ್ನು ಅಭಿಮಾನಿಗಳಿಗೆ ಪರಿಚಯ ಮಾಡಿಸಿದರು. ಎದ್ದು ನಿಂತು ಮೊದಲ ಪ್ರಶ್ನೆ ಕೇಳಿದವರು ಅಭಿಮಾನಿ ಸಂಘದ ಅಧ್ಯಕ್ಷರು, ಮೆಡಿಕಲ್ ಶಾಪಿನವರು. "ನೀವು ಯಾವತ್ತಾದರೂ ಸ್ಟಿಕ್ ಹಿಡಿದಿದ್ದೀರಾ?"

"ಇಲ್ಲ."

"ಮತ್ತೆ ಇಷ್ಟು ದಿನ ಏನು ಮಾಡ್ತಿದ್ರಿ?"

"ಬಸ್ ಡಿಪೋದಲ್ಲಿ ಟೈಮ್‌ಟೇಬಲ್ ಹಾಕ್ತಿದ್ದೆ."

ಅವತ್ತಿನ ನಗು ನಿಮಗೆ ನೆನಪಿರಬೇಕು. ಹಿಂದಿನ ಸಾಲಿನಿಂದ ಯಾರೋ "ರೈಟ್, ರೈಟ್" ಅಂತ ಕೂಗಿದರು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಮನುಷ್ಯ ಬಂದು, ಕೂತು, ನಾವು ತೀರ್ಪು ಕೊಟ್ಟು ಮುಗಿಸುವುದಕ್ಕೆ ಹಿಡಿದದ್ದು ನಾಲ್ಕು ನಿಮಿಷ. ಅದರಲ್ಲೂ ಎರಡು ನಿಮಿಷ ಮೈಕು ಸರಿ ಮಾಡುವುದಕ್ಕೆ ಹೋಯಿತು. ಅವತ್ತಿನಿಂದ ಅವರ ಹೆಸರು "ಟೈಮ್‌ಟೇಬಲ್".

ಸ್ವಾಮಿ, ನಿಮ್ಮ ತೀರ್ಪುಗಳನ್ನು ನಾನು ಮೂವತ್ತೊಂದು ವರ್ಷದಿಂದ ನೋಡಿದ್ದೇನೆ. ಇವರು ಒಂಬತ್ತನೇ ಮ್ಯಾನೇಜರು. ಮೊದಲಿನ ಎಂಟು ಜನಕ್ಕೂ ಬಂದಾಗ ಚಪ್ಪಾಳೆ, ಹೋಗುವಾಗ ಬೈಗುಳ. ಇವರಿಗೆ ಮಾತ್ರ ಬಂದ ದಿನವೇ ಬೈಗುಳ ಕೊಟ್ಟು ಕೆಲಸ ಮುಗಿಸಿದಿರಿ. ನಿಮ್ಮಲ್ಲಿ ಕ್ಷೌರದಂಗಡಿಯವರಿದ್ದಾರೆ, ಇನ್ಶೂರೆನ್ಸಿನವರಿದ್ದಾರೆ, ಮನೆಪಾಠ ಹೇಳುವವರಿದ್ದಾರೆ. ನಿಮ್ಮ ಅಂಗಡಿಗೆ ಬಂದು ಯಾರಾದರೂ "ಕತ್ತರಿ ಹಿಡಿಯೋ ರೀತಿ ಸರಿಯಿಲ್ಲ" ಅಂದರೆ ಬಿಡುತ್ತೀರಾ? ಹೊರಗೆ ದಬ್ಬುತ್ತೀರಿ. ಆದರೆ ಹಾಕಿಯ ವಿಷಯಕ್ಕೆ ಬಂದರೆ ಎಲ್ಲರೂ ಪಂಡಿತರು. ಎರಡು ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು, ಮೆಟ್ಟಿಲು ಹತ್ತುವುದಕ್ಕೆ ಪಕ್ಕದವರ ಹೆಗಲು ಹಿಡಿಯುವವರು, ಸೆಂಟರ್ ಫಾರ್ವರ್ಡ್ ಹೇಗೆ ಓಡಬೇಕು ಅಂತ ಹೇಳಿಕೊಡುತ್ತೀರಿ.

ಅವರ ಕೆಲಸದ ರೀತಿ ಏನು ಗೊತ್ತೇ? ಪ್ರಾಕ್ಟೀಸಿನಲ್ಲಿ ಒಂದು ಸ್ಟಾಪ್‌ವಾಚು, ಒಂದು ನೋಟ್‌ಪುಸ್ತಕ ಹಿಡಿದು ಕೂರುತ್ತಿದ್ದರು. ಗೋಲು ಬರೆಯುತ್ತಿರಲಿಲ್ಲ. ಒಬ್ಬ ಆಟಗಾರ ಚೆಂಡು ಕಳೆದುಕೊಂಡ ಮೇಲೆ ತನ್ನ ಜಾಗಕ್ಕೆ ವಾಪಸ್ ಬರುವುದಕ್ಕೆ ಎಷ್ಟು ಸೆಕೆಂಡು — ಅದೊಂದೇ. ಎರಡು ಮನೆ. ಪುಟದ ಒಂದು ಕಡೆ ಹೋದದ್ದು, ಇನ್ನೊಂದು ಕಡೆ ವಾಪಸ್ ಬಂದದ್ದು. ಇದೇನ್ ಸಾಹೇಬ್ರೇ, ಅಂತ ಕೇಳಿದೆ. ಅವರಂದರು: "ಹೋದ ಬಸ್ಸಿನ ಬಗ್ಗೆ ಡಿಪೋದಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲ್ಲ ಸ್ಟೋರಿನವರೇ. ವಾಪಸ್ ಬರಬೇಕಾದ ಬಸ್ಸಿನದೇ ಚಿಂತೆ."

ನಿಮ್ಮ ಮುದ್ದಿನ ಹುಲಿ, ನಮ್ಮ ಹಳೇ ಕ್ಯಾಪ್ಟನ್ನು, ಚೆಂಡು ಕಳೆದುಕೊಂಡರೆ ಹದಿನಾಲ್ಕು ಸೆಕೆಂಡು. ಮೊದಲ ಮೂರು ಸೆಕೆಂಡು ಸೊಂಟದ ಮೇಲೆ ಕೈಯಿಟ್ಟು ಅಂಪೈರನ್ನು ನೋಡುವುದು. ಆಮೇಲೆ ಸ್ಟ್ಯಾಂಡಿನ ಕಡೆ ನೋಡುವುದು. ನೀವು "ಹುಲಿ, ಹುಲಿ" ಅನ್ನುವುದು. ಅಷ್ಟರಲ್ಲಿ ಎದುರಿನವರು ನಮ್ಮ ಗೋಲಿನ ಮುಂದೆ, ಡಿ ಒಳಗೆ ಇರುತ್ತಿದ್ದರು. ಸಾಹೇಬರು ಹುಲಿಯನ್ನು ಬೇರೆ ಕ್ಲಬ್ಬಿಗೆ ಬಿಟ್ಟುಕೊಟ್ಟರು. ಬದಲಿಗೆ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ಇಪ್ಪತ್ತಾರು ವರ್ಷದವನೊಬ್ಬನನ್ನು ಲೆಫ್ಟ್ ವಿಂಗಿಗೆ ತಂದರು. ಆರು ಸೆಕೆಂಡು. ನೋಡುವುದಕ್ಕೆ ಚೆಂದ ಇಲ್ಲ, ಕೈ ತುಂಬ ಸುಟ್ಟ ಕಲೆ, ಓಡುವಾಗ ಮೊಣಕೈ ಹೊರಗೆ ಚಾಚಿಕೊಳ್ಳುತ್ತದೆ. ಆದರೆ ಆರು ಸೆಕೆಂಡು.

ನಿಮಗೆ ಮೈಯೆಲ್ಲ ಉರಿಯಿತು. ಮನವಿ ತಯಾರಾಯಿತು. ಎರಡು ಬೇಡಿಕೆ. ಒಂದು, ಮ್ಯಾನೇಜರನ್ನು ತೆಗೆಯಿರಿ. ಎರಡು, ವೆಲ್ಡರನ್ನು ತೆಗೆಯಿರಿ. ಅದಕ್ಕೂ ಮೀರಿ ಒಂದು ಶಿಕ್ಷೆ ಕಂಡುಹಿಡಿದಿರಿ — ಮೂರನೇ ಕ್ವಾರ್ಟರ್ ಶುರುವಾದ ಕೂಡಲೇ ಪೂರ್ವದ ಸ್ಟ್ಯಾಂಡಿನವರೆಲ್ಲ ಎದ್ದು ನಿಂತು, ಒಂದು ನಿಮಿಷ, ಮೈದಾನಕ್ಕೆ ಬೆನ್ನು ತಿರುಗಿಸುವುದು. ಬೆನ್ನಿನ ಮೇಲೆ ಚೀಟಿ: "ಡಿಪೋಗೆ ವಾಪಸ್ ಹೋಗು".

ಮೇಡಂ, ಈಗ ಗೋಲಿಗೆ ಬರುತ್ತೇನೆ.

ಸೀಟಿ ಊದಿದರು. ಇವರೆಲ್ಲ ತಿರುಗಿದರು. ಮೈದಾನದಲ್ಲಿ ಆಟ ಶುರು. ನಮ್ಮ ವೆಲ್ಡರ್ ಎಡಗಡೆ ಚೆಂಡು ತಗೊಂಡ, ಕಳಕೊಂಡ. ಎದುರಿನವನು ಹೊರಟೇಬಿಟ್ಟ. ಇವನು ಸೊಂಟದ ಮೇಲೆ ಕೈಯಿಡಲಿಲ್ಲ, ಅಂಪೈರನ್ನು ನೋಡಲಿಲ್ಲ. ತಿರುಗಿ ಓಡಿದ. ಹಿಂದಿನಿಂದ ಬಂದು, ಬಗ್ಗಿ, ಹೀಗೆ — ಒಂದೇ ಕೈಯಲ್ಲಿ ಸ್ಟಿಕ್ಕು ನೆಲಕ್ಕೆ ಹಾಸಿ — ಚೆಂಡು ಕಿತ್ತುಕೊಂಡ. ಅಲ್ಲಿಂದ ಗೆರೆ ಹಿಡಿದು ಹೊರಟ. ಒಬ್ಬನ ಒಳಗೆ, ಇನ್ನೊಬ್ಬನ ಹೊರಗೆ, ಮೂರನೆಯವನು ಬಿದ್ದೇ ಬಿಟ್ಟ. ಮೂಲೆಯ ಹತ್ತಿರ ಜಾಗವೇ ಇರಲಿಲ್ಲ. ಉಲ್ಟಾ ಸ್ಟಿಕ್ಕಿನಲ್ಲಿ ಬೀಸಿದ. ಗೋಲು ಕೀಪರ್ ಇನ್ನೂ ಕಾಲು ಎತ್ತುತ್ತಿದ್ದಾನೆ — ಗೋಲಿನೊಳಗಿನ ಹಲಗೆಗೆ ಚೆಂಡು ಬಡಿದು ಠಕ್ ಅಂತ ಶಬ್ದ ಆಯಿತು.

ಮೂವತ್ತೊಂದು ವರ್ಷದಲ್ಲಿ ಈ ಮೈದಾನದಲ್ಲಿ ಅಂಥ ಗೋಲು ನಾನು ನೋಡಿಲ್ಲ.

ಆ ಠಕ್ ಅನ್ನೋದು ಸ್ಟ್ಯಾಂಡಿನವರಿಗೂ ಕೇಳಿಸಿತು. ಬೆನ್ನ ಹಿಂದೆ ಏನೋ ಆಗಿದೆ. ಕ್ಷೌರದಂಗಡಿಯವರ ಕತ್ತು ಅರ್ಧ ತಿರುಗಿತು. ಆಗ ಅಧ್ಯಕ್ಷರು ಕೈಗಡಿಯಾರ ನೋಡಿಕೊಂಡು ಹೇಳಿದ್ದು ನನಗೆ ಕೆಳಗೆ ಬೆಂಚಿನವರೆಗೂ ಕೇಳಿಸಿತು: "ಯಾರೂ ತಿರುಗಬಾರದು. ಇನ್ನೂ ಇಪ್ಪತ್ತೆರಡು ಸೆಕೆಂಡ್ ಇದೆ."

ಆರುನೂರು ಜನ — ಇಪ್ಪತ್ತೆರಡು ಸೆಕೆಂಡು — ಟಿಕೆಟ್ಟು ತಗೊಂಡು ಬಂದು, ಸಿಮೆಂಟ್ ಗೋಡೆ ನೋಡುತ್ತಾ ನಿಂತಿದ್ದರು. ತಿರುಗಿದಾಗ ಎರಡೂ ಟೀಮು ಮಧ್ಯದ ಗೆರೆಗೆ ಬಂದಾಗಿತ್ತು. ಕ್ಷೌರದಂಗಡಿಯವರು ಕೆಳಗೆ ಬಗ್ಗಿ ನನ್ನನ್ನು ಕೇಳಿದರು — "ಏನ್ರೀ, ಯಾರು ಹೊಡೆದಿದ್ದು? ನಾವಾ, ಅವರಾ?"

ನಗಬಹುದು. ಸಾಹೇಬರು ಇದ್ದಿದ್ದರೆ ಅವರೂ ನಗುತ್ತಿದ್ದರು, ಹಲ್ಲು ತೋರಿಸದೆ.

ಆ ಒಂದು ಗೋಲಿನಿಂದ ಗೆದ್ದೆವು. ಮಾರನೇ ದಿನ ನಾನು ಗಡ್ಡ ತೆಗೆಸುವುದಕ್ಕೆ ಹೋದೆ. ಅಂಗಡಿಯಲ್ಲಿ ನಾಲ್ಕು ಜನ ಆ ಗೋಲನ್ನು ಬಣ್ಣಿಸುತ್ತಿದ್ದಾರೆ. ಒಬ್ಬರು ಬಲಗಡೆಯಿಂದ ಅಂದರು. ಇನ್ನೊಬ್ಬರು, ಗೋಲು ಕೀಪರ್ ಜಾರಿದ, ಅದೃಷ್ಟದ ಗೋಲು ಅಂದರು. ಅಂಗಡಿಯವರು ಕತ್ತಿ ಝಳಪಿಸಿ, "ನಾನೇ ಕಣ್ಣಾರೆ ನೋಡಿದೀನಿ, ಅದು ಪೆನಾಲ್ಟಿ ಕಾರ್ನರ್ರು" ಅಂದರು. ನನ್ನ ಮುಖದ ತುಂಬ ನೊರೆ, ಕತ್ತಿನ ಮೇಲೆ ಕತ್ತಿ. ಕಣ್ಣು ಮುಚ್ಚಿಕೊಂಡೆ. ಬದುಕಬೇಕಲ್ಲ.

ಮುಂದಿನ ಮ್ಯಾಚಿಗೂ ಬೆನ್ನು ತಿರುಗಿಸಿದಿರಿ. ಅದರ ಮುಂದಿನದಕ್ಕೂ.

ಮೊದಲ ಸಾಲಿನ ಹಿಂದೆ ಯಾರೋ "ಸತ್ತವರ ಸಭೆಯಲ್ಲಿ ಇದೆಲ್ಲ ಯಾಕೆ" ಅಂತ ಗೊಣಗಿದ್ದು ಕೇಳಿಸಿತು. ಹೇಳುತ್ತೇನೆ. ನನಗಿಂತ ಮೊದಲು ಮಾತಾಡಿದ ಅಧ್ಯಕ್ಷರು "ದೂರದೃಷ್ಟಿಯ ನಾಯಕ" ಅಂದರು. ಸ್ಟ್ಯಾಂಡಿಗೆ ಅವರ ಹೆಸರಿಡಬೇಕು ಅಂದರು. ಒಳ್ಳೆಯದು. ಆದರೆ ಅಧ್ಯಕ್ಷರೇ, ನಿಮ್ಮ ಮನವಿ ಇನ್ನೂ ಕಮಿಟಿಯ ಮುಂದೆ ಇದೆ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ತೆಗೆದುಕೊಳ್ಳುತ್ತಾರೆ. ಕಾರ್ಯದರ್ಶಿಗಳನ್ನು ನಿನ್ನೆ ಕೇಳಿದೆ, ಸಾರ್ ಇದನ್ನ ಏನು ಮಾಡೋಣ ಅಂತ. ಅವರು ಕನ್ನಡಕ ಒರೆಸಿಕೊಂಡು ಹೇಳಿದರು — ಕಾರ್ಯದರ್ಶಿ ಸಾರ್, ಬೇಜಾರು ಮಾಡಿಕೊಳ್ಳಬೇಡಿ, ನೀವು ಹೇಳಿದ್ದನ್ನೇ ಹೇಳುತ್ತಿದ್ದೇನೆ — "ಮೊದಲನೇ ಬೇಡಿಕೆ ತಾನಾಗೇ ಈಡೇರಿತಲ್ಲ. ಎರಡನೇದು ನೋಡೋಣ."

ಎರಡನೇದು ಅಂದರೆ ಅಗೋ, ಬಾಗಿಲ ಹತ್ತಿರ ನಿಂತಿದ್ದಾನೆ. ಕುರ್ಚಿ ಕೊಟ್ಟರೂ ಕೂರಲಿಲ್ಲ. ಈ ಕ್ಲಬ್ಬಿಗೆ ಆಡಲು ಬರುವುದಕ್ಕೆ ವರ್ಕ್‌ಶಾಪಿನ ಕೆಲಸ ಬಿಟ್ಟವನು. ಅಲ್ಲಿ ಅವನ ಜಾಗಕ್ಕೆ ಬೇರೆಯವನು ಬಂದು ಕೂತಾಗಿದೆ. ಈ ತಿಂಗಳ ಕೊನೆಗೆ ಅವನ ಕರಾರು ಮುಗಿಯುತ್ತದೆ. ಅವನ ಪರ ಮಾತಾಡುವವರು ಒಬ್ಬರೇ ಇದ್ದರು. ಅವರ ಫೋಟೋ ಇಲ್ಲಿದೆ.

ಕಮಿಟಿಯ ನಿಯಮ ಇದು: ಇನ್ನೂರಕ್ಕಿಂತ ಕಡಿಮೆ ಸಹಿ ಇರುವ ಮನವಿ ಸಭೆಗೆ ಬರುವುದಿಲ್ಲ. ನಿಮ್ಮದರಲ್ಲಿ ನಾನೂರ ಹನ್ನೆರಡು ಇವೆ. ಒಂದೇ ಕೈಬರಹ ಎರಡು ಬಣ್ಣದ ಶಾಯಿಯಲ್ಲಿ ಬಂದಿರುವುದೂ ಇದೆ. ಅದನ್ನು ನಾನು ದೊಡ್ಡದು ಮಾಡುವುದಿಲ್ಲ. ಅವರವರ ಸಹಿಯನ್ನು ಅವರವರೇ ಬಂದು ಹೊಡೆದುಹಾಕಿದರೆ ಕಾರ್ಯದರ್ಶಿಗಳ ಅಭ್ಯಂತರ ಇಲ್ಲ. ಆ ಕಾಗದ ಬಾಗಿಲ ಪಕ್ಕದ ಮೇಜಿನ ಮೇಲೆ ಇಟ್ಟಿದ್ದೇನೆ. ಪೆನ್ನಿದೆ. ಬರೆಯುತ್ತದೆ, ನೋಡಿದ್ದೇನೆ.

ನೋಡಿದ್ದು ಹೇಗೆ ಅಂದರೆ — ನೂರ ಹನ್ನೆರಡನೇ ಸಾಲು ನನ್ನದು.

ಮೇಡಂ, ಇದು ನಿಮಗೆ ಗೊತ್ತಿರಲಿಲ್ಲ. ಹೌದು. ಇಷ್ಟು ಹೊತ್ತು ಇವರನ್ನು ಬೈದವನು ನಾನು, ಇವರ ಜೊತೆಗೇ ಸಹಿ ಹಾಕಿದವನು. ಯಾಕೆ ಗೊತ್ತೇ? ಸಾಹೇಬರು ಬಂದ ಹೊಸದರಲ್ಲಿ ಸ್ಟೋರಿಗೆ ಬಂದು ಒಂದು ಸ್ಟಿಕ್ ಕೇಳಿದರು. ನಾನು ಹುಡುಕಿ ಕೊಡುವಷ್ಟರಲ್ಲಿ ವಾಚು ನೋಡಿ, "ನಾಲ್ಕು ನಿಮಿಷ" ಅಂದರು. ಅಷ್ಟೇ. ಮೂವತ್ತು ವರ್ಷದ ಸ್ಟೋರಿಗೆ ಬಂದು, ಮೂರು ವಾರದ ಮನುಷ್ಯ. ಮುಖಕ್ಕೆ ಹೊಡೆದ ಹಾಗಾಯಿತು. ಆ ಸಂಜೆಯೇ ರಾಕಿನ ಸಾಮಾನೆಲ್ಲ ಇಳಿಸಿ ಹೊಸದಾಗಿ ಜೋಡಿಸಿದೆ. ಈಗ ನಲವತ್ತು ಸೆಕೆಂಡು. ಆದರೂ ಮನವಿ ಬಂದಾಗ ಸಹಿ ಹಾಕಿದೆ. ಅವರು ಹೇಳಿದ್ದು ತಪ್ಪು ಅಂತ ಅಲ್ಲ, ಸರಿ ಅಂತಲೇ.

ಅವರಿಗೆ ಗೊತ್ತಾಯಿತು. ಒಂದು ದಿನ ಬಂದು, "ನೂರ ಹನ್ನೆರಡನೇ ಸಾಲಿನ ಕೈಬರಹ ಚೆನ್ನಾಗಿದೆ" ಅಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವರು ಆಗಲೇ, "ಗ್ರಿಪ್ಪಿನ ಟೇಪು ಎರಡು ಸುರುಳಿ ಕೊಡಿ" ಅಂತ ಕೈ ಚಾಚಿದ್ದರು.

ಇವತ್ತು ಬೆಳಿಗ್ಗೆ ಆ ಸಾಲು ಹೊಡೆದುಹಾಕಿದೆ. ಉಳಿದಿರುವುದು ನಾನೂರ ಹನ್ನೊಂದು. ಇನ್ನೂ ಇನ್ನೂರ ಹನ್ನೆರಡು ಹೋಗಬೇಕು. ಈ ಹಾಲಿನಲ್ಲಿ ಮುನ್ನೂರ ಅರವತ್ತು ಜನ ಇದ್ದೀರಿ. ಲೆಕ್ಕ ನೀವೇ ಹಾಕಿಕೊಳ್ಳಿ. ಸ್ಟ್ಯಾಂಡಿಗೆ ಹೆಸರು ಬರೆಸುವುದು ಆಮೇಲೆ.

ಕೊನೆಯದೊಂದು. ಅವರ ನೋಟ್‌ಪುಸ್ತಕ ಇಲ್ಲಿದೆ. ಮೇಡಂ ನನ್ನ ಕೈಗೆ ಕೊಟ್ಟರು. ಆಟಗಾರರ ಪುಟಗಳು ಮುಗಿದ ಮೇಲೆ ಒಂದು ಪುಟ ಇದೆ. ಮೇಲೆ "ಪೂರ್ವದ ಸ್ಟ್ಯಾಂಡು" ಅಂತ ಬರೆದಿದ್ದಾರೆ. ಅದೇ ಎರಡು ಮನೆ. ಹೋದದ್ದು — ನೀವು ಮೊದಲ ಸಲ ಬೆನ್ನು ತಿರುಗಿಸಿದ ತಾರೀಖು, ಗಂಟೆ, ನಿಮಿಷ. ವಾಪಸ್ ಬಂದದ್ದು — ಖಾಲಿ. ಅಡ್ಡಗೆರೆ ಎಳೆದಿಲ್ಲ, ಸೊನ್ನೆ ಹಾಕಿಲ್ಲ. ಬರಬೇಕಾದ ಬಸ್ಸಿಗೆ ಬಿಡುವ ಹಾಗೆ ಜಾಗ ಬಿಟ್ಟಿದ್ದಾರೆ.

ನಾಳೆ ಹನ್ನೊಂದರವರೆಗೆ ಆ ಮನೆಯನ್ನು ನಾನೂ ಖಾಲಿ ಬಿಡುತ್ತೇನೆ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಒಂದು ನಿಮಿಷ ಮೌನ. ಅಭ್ಯಾಸ ನಿಮಗಿದೆ; ಒಂದು ನಿಮಿಷ ಎಷ್ಟು ಉದ್ದ ಅಂತ ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಅಧ್ಯಕ್ಷರೇ, ಗಡಿಯಾರ ನೋಡುವುದು ಬೇಡ. ಅವರ ವಾಚು ನನ್ನ ಕೈಯಲ್ಲಿದೆ.

ಈ ಸಲ — ಇತ್ತ ಮುಖ ಮಾಡಿ.